ಪೆಟ್ಟಿಗೆ ಮುಚ್ಚುವ ಮುನ್ನ

ಕಿಟ್ ತರಿಸಿ ಮನೆಯಲ್ಲೇ ಜೋಡಿ ಸ್ಪೀಕರ್ ಕಟ್ಟಲು ಹೊರಟ ಶಿವಮೊಗ್ಗ, ಭದ್ರಾವತಿಯ ಮಕ್ಕಳೇ, ಅವಸರ ಬೇಡ. ಹೆಚ್ಚಿನವರು ಎಡವುವುದು ತಂತಿಯ ಪ್ಲಸ್-ಮೈನಸ್ಸಿನಲ್ಲಿ. ಒಂದು ಪೆಟ್ಟಿಗೆಯಲ್ಲಿ ಅದು ಅದಲುಬದಲಾದರೂ ಎರಡೂ ಹಾಡುತ್ತವೆ; ಆದರೆ ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದು ಹಿಂದೆ ಸರಿದು, ತಬಲಾದ ಡಗ್ಗಾ ಸೊರಗಿಹೋಗುತ್ತದೆ. ಮುಚ್ಚುವ ಮುನ್ನ 1.5 ವೋಲ್ಟಿನ ಸೆಲ್ಲನ್ನು ಎರಡೂ ವೂಫರುಗಳಿಗೆ ಒಂದೊಂದು ಕ್ಷಣ ಮುಟ್ಟಿಸಿ ನೋಡಿ. ಕೆಂಪಿಗೆ ಪ್ಲಸ್ ತಾಗಿದಾಗ ಎರಡೂ ಕೋನ್ ಒಂದೇ ಕಡೆಗೆ ಚಲಿಸಬೇಕು. ನಕ್ಷೆಯಲ್ಲಿ ಟ್ವೀಟರನ್ನು ತಿರುವಿ ಜೋಡಿಸಿದ್ದರೆ, ಅದು ಬೇಕೆಂದೇ ಮಾಡಿದ್ದು, ದಯವಿಟ್ಟು ತಿದ್ದಬೇಡಿ.

ನಮ್ಮ ಮಲೆನಾಡಿನ ಮಳೆಗೆ ಎಂಡಿಎಫ್ ಹಲಗೆ ಉಬ್ಬುತ್ತದೆ. ಕೊಯ್ದ ಅಂಚುಗಳಿಗೆ ಮೊದಲೇ ಸೀಲರ್ ಬಳಿಯಿರಿ.

ಕೊನೆಗೆ ಭದ್ರಾವತಿ ಆಕಾಶವಾಣಿಯ ವಾರ್ತೆ ಹಾಕಿ, ಎದುರು ಕುಳಿತು ಕೇಳಿ. ಓದುವವರ ದನಿ ಎರಡು ಪೆಟ್ಟಿಗೆಗಳ ನಟ್ಟನಡುವಿನಿಂದ ಬರಬೇಕು.