ಧ್ರುವದ್ವೀಪಗಳೂ ಚಲಚ್ಚಿತ್ರವೂ

ಉತ್ತರ ಧ್ರುವದ ಸುತ್ತಮುತ್ತಣ ದ್ವೀಪಗಳೆಂದರೆ ನಮ್ಮಲ್ಲಿ ಬಹುಮಂದಿಗೆ ಭೂಗೋಳದ ಪುಸ್ತಕದ ಒಂದೂವರೆ ಪುಟ. ತಿಂಗಳುಗಟ್ಟಲೆ ಹಗಲು, ತಿಂಗಳುಗಟ್ಟಲೆ ಇರುಳು, ಹಿಮದ ಮನೆ, ನಾಯಿಗಳು ಎಳೆಯುವ ಗಾಡಿ, ಬಿಳಿಯ ಕರಡಿ. ಪರೀಕ್ಷೆಗೆ ಇಷ್ಟು ಸಾಕು. ಆ ಒಂದೂವರೆ ಪುಟದಾಚೆಗೆ ನಮಗೇನಾದರೂ ತಿಳಿದಿದ್ದರೆ ಅದು ಚಲಚ್ಚಿತ್ರಗಳಿಂದಲೇ. ಹಾಗಿರುವಾಗ ಆ ಚಿತ್ರಗಳನ್ನು ಯಾರು ತೆಗೆದರು, ಹೇಗೆ ತೆಗೆದರು, ಅವುಗಳಲ್ಲಿ ಕಾಣುವ ಜನಕ್ಕೆ ಆಮೇಲೆ ಏನಾಯಿತು ಎಂದು ವಿಚಾರಿಸುವುದು ಅನುಚಿತವಾಗಲಾರದು. ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಬಯಲುಸೀಮೆಯ ಊರಿನವನಿಗೆ ಹಿಮದ ಗೊಡವೆ ಏತಕ್ಕೆ ಎಂದು ಗೆಳೆಯರು ನಗೆಯಾಡಿದ್ದುಂಟು. ಏತಕ್ಕೆಂಬುದು ಲೇಖನ ಸಾಗಿದಂತೆ ವಾಚಕರಿಗೆ ತಿಳಿದೀತು.

ಈ ಬಗೆಯ ಚಿತ್ರಗಳ ಇತಿಹಾಸವನ್ನು ರಾಬರ್ಟ್ ಫ್ಲಾಹರ್ಟಿಯಿಂದ ಆರಂಭಿಸುವುದು ವಾಡಿಕೆ. ಆತ ಮೊದಲು ಚಿತ್ರ ತೆಗೆಯುವವನಾಗಿರಲಿಲ್ಲ. 1910ರಲ್ಲಿ ಕೆನಡ ದೇಶದ ರೈಲ್ವೆ ನಿರ್ಮಾಪಕ ಸರ್ ವಿಲಿಯಂ ಮೆಕೆಂಜಿ ಎಂಬವನು ಹಡ್ಸನ್ ಕೊಲ್ಲಿಯ ದ್ವೀಪಗಳಲ್ಲಿ ಕಬ್ಬಿಣದ ಅದಿರು ಹುಡುಕಲು ಅವನನ್ನು ಕಳುಹಿಸಿದನು. ಅಲ್ಲಿನ ಬೆಲ್ಚರ್ ದ್ವೀಪಸ್ತೋಮದ ನಕ್ಷೆಯನ್ನು ಮಾಡಿದವನು ಆತನೇ. ಅದರಲ್ಲಿ ಅತಿ ದೊಡ್ಡ ದ್ವೀಪಕ್ಕೆ ಇಂದಿಗೂ ಅವನ ಹೆಸರೇ ಇದೆ. 1913ರ ಪ್ರಯಾಣದಲ್ಲಿ ಒಂದು ಚಲಚ್ಚಿತ್ರದ ಕ್ಯಾಮೆರವನ್ನೂ ಜೊತೆಗೆ ಒಯ್ದನು. ಹೀಗೆ ತೆಗೆದ ಸುಮಾರು 30,000 ಅಡಿ ನೆಗೆಟಿವ್ 1916ರಲ್ಲಿ ಟೊರಾಂಟೊ ನಗರದಲ್ಲಿ ಅವನದೇ ಸಿಗರೇಟಿನ ಕಿಡಿಯಿಂದ ಸುಟ್ಟು ಬೂದಿಯಾಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಆತ ರೆವಿಯೋ ಎಂಬ ತುಪ್ಪಳದ ವ್ಯಾಪಾರದ ಕಂಪನಿಯಿಂದ ಹಣ ಪಡೆದು 1920ರಲ್ಲಿ ಹಡ್ಸನ್ ಕೊಲ್ಲಿಯ ಪೂರ್ವ ತೀರದ ಇನುಕ್ಜುವಾಕ್ ಎಂಬಲ್ಲಿಗೆ ಹೋಗಿ ಮತ್ತೆ ಮೊದಲಿನಿಂದ ತೆಗೆದನು. ಅದೇ 1922ರಲ್ಲಿ ಹೊರಬಂದ ‘ನಾನೂಕ್ ಆಫ್ ದಿ ನಾರ್ತ್’. ಇನುಕ್ಜುವಾಕ್ ದ್ವೀಪವಲ್ಲ, ಧ್ರುವವೃತ್ತದೊಳಗೂ ಬರುವುದಿಲ್ಲ. ಆದರೂ ಧ್ರುವಪ್ರದೇಶವೆಂದರೆ ಲೋಕದ ಕಣ್ಣ ಮುಂದೆ ಬರುವ ಚಿತ್ರ ರೂಪುಗೊಂಡದ್ದು ಅಲ್ಲಿಯೇ.

ಅಂಥ ಚಳಿಯಲ್ಲಿ ಚಿತ್ರ ತೆಗೆಯುವುದು ಎಂಥ ಸಾಹಸವೆಂಬುದನ್ನು ಸ್ವಲ್ಪ ವಿವರಿಸಬೇಕು. ಯಂತ್ರಕ್ಕೆ ಹಾಕುವ ಎಣ್ಣೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಎಣ್ಣೆಗೆ ಬದಲಾಗಿ ಗ್ರಾಫೈಟ್ ಪುಡಿಯಿಂದ ನಡೆಯುವ ಕ್ಯಾಮೆರಗಳನ್ನು ಆತ ಆರಿಸಿಕೊಂಡನು. ಫಿಲ್ಮ್ ಸುರುಳಿ ಹಪ್ಪಳದಂತೆ ಪಟಪಟನೆ ಮುರಿಯುತ್ತದೆ. ತೆಗೆದ ಚಿತ್ರವನ್ನು ಅಲ್ಲಿಯೇ ತೊಳೆದು ನೋಡಬೇಕೆಂಬುದು ಅವನ ಹಟ. ಮಂಜುಗಡ್ಡೆ ಕೊರೆದು ಪೀಪಾಯಿಗಟ್ಟಲೆ ನೀರು ಹೊರಬೇಕು. ಆ ನೀರಿನಲ್ಲಿ ಚರ್ಮದ ಉಡುಪಿನಿಂದ ಉದುರಿದ ಜಿಂಕೆಯ ಕೂದಲು. ಮುದ್ರಿಸಲು ವಿದ್ಯುದ್ದೀಪ ಸಾಲದೆ, ಗುಡಿಸಲಿನ ಕಿಟಕಿಯನ್ನೆಲ್ಲ ಮುಚ್ಚಿ ಒಂದು ಚಿಕ್ಕ ಸಂದಿನಿಂದ ಬರುವ ಹಗಲ ಬೆಳಕನ್ನೇ ಬಳಸಿದನು. ಈ ಕೆಲಸಗಳಲ್ಲೆಲ್ಲ ಅವನ ಕೈಗೆ ಕೈಗೂಡಿಸಿದವರು ಅಲ್ಲಿನ ಇನ್ಯುಯಿಟ್ ಜನ. (ನಮ್ಮ ಹಳೆಯ ಪಠ್ಯಗಳು ಎಸ್ಕಿಮೊಗಳೆಂದು ಕರೆಯುವುದು ಇವರನ್ನೇ, ಅವರು ತಮ್ಮನ್ನು ಇನ್ಯುಯಿಟ್ ಎಂದೇ ಕರೆದುಕೊಳ್ಳುತ್ತಾರೆ.) ಕಡಲಿಗೆ ಬಿದ್ದ ಕ್ಯಾಮೆರವನ್ನು ಬಿಚ್ಚಿ ಒರೆಸಿ ಮತ್ತೆ ಜೋಡಿಸಿಕೊಟ್ಟವರೂ ಅವರೇ ಎಂದು ಫ್ಲಾಹರ್ಟಿಯೇ ಹೇಳಿಕೊಂಡಿದ್ದಾನೆ. ಹೀಗಿದ್ದೂ ಚಿತ್ರ ಅವರನ್ನು ಗ್ರಾಮಫೋನನ್ನು ಕಂಡು ಬೆರಗಾಗಿ ತಟ್ಟೆಯನ್ನು ಹಲ್ಲಿನಿಂದ ಕಡಿದುನೋಡುವ ಮುಗ್ಧರಂತೆ ತೋರಿಸುತ್ತದೆ! ಆ ದೃಶ್ಯ ನಟನೆ. ನಾನೂಕ್ ಎಂಬುದೂ ನಟನ ನಿಜ ಹೆಸರಲ್ಲ. ಆತನ ಹೆಸರು ಅಲ್ಲಕರಿಯಲ್ಲಕ್. ಚಿತ್ರದ ಹೆಂಡತಿ ಅವನ ಹೆಂಡತಿಯಲ್ಲ. ಆ ಕಾಲಕ್ಕಾಗಲೇ ಬೇಟೆಗೆ ಬಂದೂಕು ಬಂದಿತ್ತು. ಚಿತ್ರಕ್ಕಾಗಿ ಅವರು ತಾತಂದಿರ ಈಟಿಯನ್ನು ಹಿಡಿದರು.

ಇದೊಂದು ಮೂಕಚಿತ್ರವಾದುದರಿಂದ ನೋಡಲು ಭಾಷೆಯ ತೊಡಕಿಲ್ಲ. ಒಂದು ರಾತ್ರಿ ಮನೆಯಲ್ಲಿ ಮೊಬೈಲಿನ ಅಂಗೈಯಗಲದ ಪರದೆಯ ಮೇಲೆ ಅಜ್ಜಿಗೆ ಇದನ್ನು ತೋರಿಸಿದೆ. ನಾನೂಕ್ ಹಿಮದ ಇಟ್ಟಿಗೆಗಳನ್ನು ಕೊಯ್ದು ಗುಮ್ಮಟದಂಥ ಮನೆ ಕಟ್ಟುವುದನ್ನೂ, ಗೋಡೆಯಲ್ಲಿ ಮಂಜುಗಡ್ಡೆಯ ಹಲಗೆಯೊಂದನ್ನು ಕಿಟಕಿಯಾಗಿ ಕೂರಿಸುವುದನ್ನೂ ಆಕೆ ಕಣ್ಣು ಕೀಲಿಸಿ ನೋಡಿದಳು. ಒಳಗೆ ಆ ಸಂಸಾರ ಮಲಗಿ ಏಳುವ ದೃಶ್ಯ ಬಂದಾಗ, “ಅಷ್ಟು ಸಣ್ಣ ಕಿಂಡಿಗೆ ಇಷ್ಟೊಂದು ಬೆಳಕು ಬೀಳಲ್ಲಪ್ಪ. ಮನೇನ ಒಡೆದಾರ ನೋಡು” ಎಂದಳು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಒಂದು ಬೆಳಕಿಂಡಿಯಿಂದ ಎಷ್ಟು ಬೆಳಕು ಇಳಿಯುತ್ತದೆಂಬುದನ್ನು ಅರುವತ್ತು ವರ್ಷ ಅಡಿಗೆ ಮಾಡಿ ತಿಳಿದವಳು ಆಕೆ. ಅಕ್ಷರಶಃ ಅದೇ ನಿಜ: ಕ್ಯಾಮೆರಕ್ಕೆ ಬೆಳಕು ಸಾಲದೆ ಫ್ಲಾಹರ್ಟಿ ಅರ್ಧ ಮಾತ್ರ ಇರುವ, ಒಂದು ಕಡೆ ತೆರೆದ ಹಿಮದ ಮನೆಯನ್ನು ಕಟ್ಟಿಸಿದ್ದನು. ಆ ಸಂಸಾರ ಕೊರೆಯುವ ಗಾಳಿಯಲ್ಲಿ ಮೈ ಬಿಚ್ಚಿ ಮಲಗುವಂತೆ ನಟಿಸಬೇಕಾಯಿತು. ವಿದ್ವಾಂಸರು ಗ್ರಂಥಗಳಲ್ಲಿ ಬರೆದುದನ್ನು ಓದು ಬಾರದ ಅಜ್ಜಿ ಕೂತಲ್ಲೇ ಕಂಡುಹಿಡಿದಳಲ್ಲ ಎಂದು ನನಗೆ ಹೆಮ್ಮೆಯಾಯಿತು.

ಹಾಗೆಂದು ನಟಿಸಿ ತೆಗೆದುದೆಲ್ಲ ಮೋಸವೆಂದು ನಾನು ವಾದಿಸಲಾರೆ. ಮೋಸವೇ ಬೇರೆ ಉಂಟು. 1958ರ ಡಿಸ್ನಿ ಕಂಪನಿಯ ‘ವೈಟ್ ವೈಲ್ಡರ್‌ನೆಸ್’ ಎಂಬ ಚಿತ್ರದಲ್ಲಿ ಲೆಮಿಂಗ್ ಎಂಬ ಇಲಿಯ ಜಾತಿಯ ಪ್ರಾಣಿಗಳು ಗುಂಪುಗುಂಪಾಗಿ ಧ್ರುವಸಾಗರಕ್ಕೆ ಹಾರಿ ಸಾಯುವುದನ್ನು ತೋರಿಸಿದ್ದಾರೆ. ಸಮುದ್ರವೇ ಇಲ್ಲದ ಆಲ್ಬರ್ಟ ಪ್ರಾಂತದಲ್ಲಿ, ಕೊಂಡು ತಂದ ಪ್ರಾಣಿಗಳನ್ನು ನದಿಯ ದಡದಿಂದ ಕೆಳಕ್ಕೆ ತಳ್ಳಿ ಅದನ್ನು ಚಿತ್ರೀಕರಿಸಿದ್ದರೆಂಬುದು 1980ರ ದಶಕದಲ್ಲಿ ಕೆನಡದ ದೂರದರ್ಶನದವರಿಂದ ಬಯಲಾಯಿತು. ಅಷ್ಟರಲ್ಲಿ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದಿತ್ತು; ಲೆಮಿಂಗುಗಳ ಸಾಮೂಹಿಕ ಆತ್ಮಹತ್ಯೆಯ ಕಟ್ಟುಕಥೆ ಲೋಕದ ನಾಣ್ಣುಡಿಯಾಗಿತ್ತು. ಬಿ.ಬಿ.ಸಿ.ಯ 2011ರ ‘ಫ್ರೋಜ಼ನ್ ಪ್ಲಾನೆಟ್’ ಮಾಲಿಕೆಯಲ್ಲಿ ಹಿಮಕರಡಿಯ ಮರಿಗಳು ಹುಟ್ಟುವ ದೃಶ್ಯವನ್ನು ಮೃಗಾಲಯದಲ್ಲಿ ತೆಗೆದುದೂ ಇದೇ ರೀತಿ ಚರ್ಚೆಗೆ ಗುರಿಯಾಯಿತು. ಆದರೆ ಹೆತ್ತ ಕರಡಿಯ ಗುಹೆಗೆ ಕ್ಯಾಮೆರ ನುಗ್ಗಿಸುವುದಕ್ಕಿಂತ ಅದು ಮೇಲೆಂದೇ ನನ್ನ ಅಭಿಪ್ರಾಯ.

ಕೇವಲ ನಿಸರ್ಗವನ್ನು ತೋರಿಸುವ ಈ ಚಿತ್ರಗಳಲ್ಲಿ ಇನ್ನೊಂದು ಕೊರತೆಯಿದೆ: ಮನುಷ್ಯನೇ ಇರುವುದಿಲ್ಲ. ನಾರ್ವೆಯ ಆಡಳಿತದ ಸ್ವಾಲ್‌ಬಾರ್ಡ್ ದ್ವೀಪಗಳನ್ನು ತೆರೆಯ ಮೇಲೆ ನೋಡಿದರೆ ಅಲ್ಲಿ ಹಿಮನದಿ, ಕರಡಿ, ಕಡಲಹಕ್ಕಿಗಳ ಹೊರತು ಬೇರೇನೂ ಇಲ್ಲವೆನ್ನಿಸುತ್ತದೆ. 2008ರಲ್ಲಿ ನಮ್ಮ ದೇಶದ ‘ಹಿಮಾದ್ರಿ’ ಸಂಶೋಧನ ಕೇಂದ್ರ ಪ್ರಾರಂಭವಾದ ನಿ-ಓಲೆಸುಂಡ್ ಎಂಬ ಊರು ಅಲ್ಲಿಯೇ ಇದೆ. ಅದು ಮೊದಲು ಕಲ್ಲಿದ್ದಲ ಗಣಿಯ ಊರು. 1962ರ ನವೆಂಬರಿನಲ್ಲಿ ಗಣಿ ಸ್ಫೋಟಿಸಿ 21 ಮಂದಿ ಮಡಿದ ಮೇಲೆ ಗಣಿ ಮುಚ್ಚಿತು. ಅದರ ಕೋಲಾಹಲದಲ್ಲಿ ಮರುವರ್ಷ ನಾರ್ವೆಯ ಸರ್ಕಾರವೇ ಬಿದ್ದಿತು. ಕರಡಿಯ ಹೆಜ್ಜೆಗಿಂತ ಕಡಮೆಯ ಕಥೆಯಲ್ಲ ಅದು.

ಈಗ ನಾನೂಕನ ಕಡೆಗೆ ಮರಳೋಣ. ಚಿತ್ರ ಲೋಕಪ್ರಸಿದ್ಧವಾಯಿತು. ಅಲ್ಲಕರಿಯಲ್ಲಕ್ ಎರಡು ವರ್ಷಗಳೊಳಗಾಗಿ ತೀರಿಕೊಂಡನು. ಬೇಟೆಗೆ ಹೋಗಿ ಹಸಿವಿನಿಂದ ಸತ್ತನೆಂದು ಫ್ಲಾಹರ್ಟಿ ಹೇಳಿದನು; ಕ್ಷಯರೋಗದಿಂದ ಮನೆಯಲ್ಲಿ ಸತ್ತಿರಬೇಕೆಂದು ಈಚಿನವರು ಹೇಳುತ್ತಾರೆ. ಸಾವು ಕೂಡ ಚಿತ್ರಕ್ಕೆ ಹೊಂದುವಂತೆ ಇರಬೇಕಾಗಿತ್ತೇನೊ! ಚಿತ್ರದಲ್ಲಿ ಹೆಂಡತಿಯಾಗಿ ನಟಿಸಿದ ಹೆಣ್ಣುಮಗಳಿಗೆ ಫ್ಲಾಹರ್ಟಿಯಿಂದ ಒಬ್ಬ ಮಗ ಹುಟ್ಟಿದನು. ಜೋಸೆಫಿ ಎಂದು ಅವನ ಹೆಸರು. ಊರು ಬಿಟ್ಟು ಹೋದ ತಂದೆ ಈ ಮಗನ ಮುಖವನ್ನು ಒಮ್ಮೆಯೂ ನೋಡಲಿಲ್ಲ.

ಮುಂದಿನದು ಇನ್ನೂ ಶೋಚನೀಯ. 1953ರಲ್ಲಿಯೂ 1955ರಲ್ಲಿಯೂ ಕೆನಡದ ಸರ್ಕಾರ ಇನುಕ್ಜುವಾಕಿನ ಹಲವು ಸಂಸಾರಗಳನ್ನು ಹಡಗಿನಲ್ಲಿ ಹತ್ತಿಸಿ ಸುಮಾರು ಎರಡು ಸಾವಿರ ಕಿಲೋಮೀಟರ್ ಉತ್ತರಕ್ಕೆ, ಕಾರ್ನ್‌ವಾಲಿಸ್ ಮತ್ತು ಎಲ್ಸ್‌ಮೀರ್ ಎಂಬ ದ್ವೀಪಗಳಿಗೆ ಸಾಗಿಸಿತು. ಅಲ್ಲಿ ಬೇಟೆ ಸಮೃದ್ಧ, ಒಗ್ಗದಿದ್ದರೆ ಎರಡು ವರ್ಷದಲ್ಲಿ ಹಿಂದಿರುಗಬಹುದು ಎಂದು ಮಾತು ಕೊಡಲಾಗಿತ್ತು. ನಿರ್ಜನ ದ್ವೀಪಗಳಲ್ಲಿ ಪ್ರಜೆಗಳನ್ನು ನೆಲೆಗೊಳಿಸಿ ತನ್ನ ಒಡೆತನವನ್ನು ಗಟ್ಟಿ ಮಾಡಿಕೊಳ್ಳುವುದೇ ಸರ್ಕಾರದ ಉದ್ದೇಶವಾಗಿತ್ತೆಂದು ಆ ಜನ ಇಂದಿಗೂ ಹೇಳುತ್ತಾರೆ. ಮಾತು ನಡೆಯಲಿಲ್ಲ. ತಿಂಗಳುಗಟ್ಟಲೆ ಸೂರ್ಯನನ್ನೇ ಕಾಣದ ಕತ್ತಲೆ ಅವರಿಗೆ ಹೊಸದು. ಅವರ ಹಳೆಯ ಊರಿನಲ್ಲಿ ಚಳಿಗಾಲದಲ್ಲೂ ಸೂರ್ಯ ಹುಟ್ಟುತ್ತಿದ್ದನು. 1955ರಲ್ಲಿ ಹಾಗೆ ಎಲ್ಸ್‌ಮೀರ್ ದ್ವೀಪದ ಗ್ರೀಸ್ ಫಿಯರ್ಡಿಗೆ ಹೋದವರಲ್ಲಿ ಜೋಸೆಫಿ ಫ್ಲಾಹರ್ಟಿಯ ಸಂಸಾರವೂ ಒಂದು. ಹಿಮದ ನಾಡಿನಲ್ಲಿ ಸುಖವಾಗಿರುವ ಜನ ಎಂದು ತಂದೆ ಲೋಕಕ್ಕೆ ತೋರಿಸಿದ್ದ ಜನರೇ ಇವರು. ಹಿಮದ ಜನಕ್ಕೆ ಇನ್ನಷ್ಟು ಹಿಮದಿಂದ ಏನು ತೊಂದರೆ ಎಂದು ಅಧಿಕಾರಿಗಳು ಭಾವಿಸಿದ್ದರೆ, ಹಾಗೆ ಭಾವಿಸುವುದನ್ನು ಚಲಚ್ಚಿತ್ರ ಮೊದಲೇ ಕಲಿಸಿಕೊಟ್ಟಿತ್ತು. ಕೆನಡ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಆಗ ಜೋಸೆಫಿ ಬದುಕಿರಲಿಲ್ಲ. ಪುಟ್ಟ ಹುಡುಗಿಯಾಗಿ ಆ ಹಡಗಿನಲ್ಲಿ ಹೋದ ಆತನ ಮಗಳು ಮಾರ್ತಾ ಫ್ಲಾಹರ್ಟಿಯವರ ಕಥೆಯನ್ನು ‘ಮಾರ್ತಾ ಆಫ್ ದಿ ನಾರ್ತ್’ ಎಂಬ 2009ರ ಸಾಕ್ಷ್ಯಚಿತ್ರ ಹೇಳುತ್ತದೆ. ತಾತನ ಚಿತ್ರದ ಹೆಸರಿಗೆ ಮೊಮ್ಮಗಳ ಚಿತ್ರದ ಹೆಸರು ಉತ್ತರ ಕೊಡುತ್ತಿರುವಂತಿದೆ.

ಸೊಕ್ಕೆಯವನಿಗೆ ಈ ಗೊಡವೆ ಏತಕ್ಕೆ ಎಂಬುದಕ್ಕೆ ಇಲ್ಲಿ ಉತ್ತರ ಹೇಳುತ್ತೇನೆ. 2023ರ ಬರಗಾಲದಲ್ಲಿ ನಮ್ಮ ಸುತ್ತಿನ ಹಳ್ಳಿಯೊಂದಕ್ಕೆ ಕ್ಯಾಮೆರದವರು ಬಂದಿದ್ದರು. ಬಿರುಕುಬಿಟ್ಟ ಕೆರೆಯಂಗಳದಲ್ಲಿ ವೃದ್ಧರೊಬ್ಬರನ್ನು ಕೂರಿಸಿ, ತಲೆಯ ಮೇಲೆ ಕೈಯಿಟ್ಟು ಆಕಾಶ ನೋಡುವಂತೆ ಹೇಳಿದರು. ಆ ಅಜ್ಜ ಆಗಷ್ಟೆ ಯಾರದೋ ಮಾತಿಗೆ ನಗುತ್ತಿದ್ದವರು. ನಗೆ ಬೇಡ ಎಂದರು. ಅಜ್ಜ ಹೇಳಿದಂತೆ ಕುಳಿತರು. ಬರ ಸುಳ್ಳಲ್ಲ, ಮೆಕ್ಕೆಜೋಳ ಒಣಗಿದ್ದೂ ಸುಳ್ಳಲ್ಲ. ಆದರೆ ಆ ವರ್ಷ ಅವರು ಮೇವಿಗಾಗಿ ಎಲ್ಲೆಲ್ಲಿ ಅಲೆದರು, ಎತ್ತುಗಳನ್ನು ಮಾರದೆ ಹೇಗೆ ಉಳಿಸಿಕೊಂಡರು ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ತಾಲ್ಲೂಕೆಂದರೆ ಹೊರಗಿನವರಿಗೆ ಆ ಬಿರುಕು ನೆಲವೇ, ಇನುಕ್ಜುವಾಕ್ ಎಂದರೆ ಹಿಮದ ಮನೆಯೇ ಆದಂತೆ.

ಕ್ಯಾಮೆರ ಒಳಗಿನವರ ಕೈಗೆ ಬಂದರೆ ಏನಾಗುತ್ತದೆ? ಇದಕ್ಕೆ ಇಗ್ಲೂಲಿಕ್ ಎಂಬ ಪುಟ್ಟ ದ್ವೀಪದ ಚರಿತ್ರೆಯನ್ನು ನೋಡಬೇಕು. ಅಲ್ಲಿನ ಜನ 1975ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ ಮತ ಹಾಕಿ ದೂರದರ್ಶನ ತಮ್ಮ ಊರಿಗೆ ಬೇಡವೆಂದರು. ಅದರಲ್ಲಿ ತಮ್ಮ ಮಾತೂ ಇಲ್ಲ, ತಮ್ಮ ಮುಖವೂ ಇಲ್ಲ ಎಂಬುದು ಅವರ ಆಕ್ಷೇಪ. ತಮ್ಮ ಭಾಷೆಯ ಕಾರ್ಯಕ್ರಮಗಳು ಬಂದ ಮೇಲೆಯೇ, 1983ರಲ್ಲಿ, ಒಪ್ಪಿದರು. ಎರಡು ಬಾರಿ ಬೇಡವೆಂದ ಆ ಧೈರ್ಯಕ್ಕೆ ತಲೆಬಾಗಬೇಕು. ಆ ಊರಿನ ಕಲ್ಲು ಕೆತ್ತುವ ಕಲಾವಿದ ಜ಼ಕರಿಯಾಸ್ ಕುನುಕ್ ಎಂಬವರು 1981ರಲ್ಲಿ ತಮ್ಮ ಶಿಲ್ಪಗಳನ್ನು ಮಾಂಟ್ರಿಯಲ್‌ನಲ್ಲಿ ಮಾರಿ, ಆ ಹಣದಿಂದ ವಿಡಿಯೋ ಕ್ಯಾಮೆರವೊಂದನ್ನು ಕೊಂಡು ತಂದರು. 1990ರಲ್ಲಿ ಗೆಳೆಯರೊಂದಿಗೆ ‘ಇಸುಮ’ ಎಂಬ ಸಂಸ್ಥೆಯನ್ನು ಕಟ್ಟಿದರು. ಇಸುಮ ಎಂದರೆ ಆಲೋಚನೆ.

ಇವರ ‘ಅತನರ್ಜುವತ್’ 2001ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಸಲ್ಲುವ ‘ಕಮೆರಾ ದೋರ್’ ಪ್ರಶಸ್ತಿಯನ್ನು ಗಳಿಸಿತು. ಸುಮಾರು ಮೂರು ಗಂಟೆಯ ಚಿತ್ರ. ಪೂರ್ತಿ ಇನುಕ್ಟಿಟುಟ್ ಭಾಷೆಯಲ್ಲಿದೆ. ಊರ ಹಿರಿಯರು ಹೇಳುತ್ತಿದ್ದ ಕಥೆಯನ್ನು ಕೇಳಿ ಬರೆದುಕೊಂಡ ಪಾಲ್ ಅಪಕ್ ಚಿತ್ರ ಮುಗಿಯುವ ಮೊದಲೇ, 1998ರಲ್ಲಿ, ತೀರಿಕೊಂಡರು. ಅಣ್ಣನನ್ನು ಕೊಂದವರಿಂದ ತಪ್ಪಿಸಿಕೊಂಡು ನಾಯಕನು ಬತ್ತಲೆಯಾಗಿ, ಬರಿಗಾಲಿನಲ್ಲಿ, ಕರಗುತ್ತಿರುವ ಮಂಜುಗಡ್ಡೆಯ ಮೇಲೆ ಓಡುವ ದೃಶ್ಯವನ್ನು ಕಂಡವರು ಮರೆಯಲಾರರು. ಅಲ್ಲಿ ಹಿಮ ನೋಟಕ್ಕಿಟ್ಟ ವಸ್ತುವಲ್ಲ, ಕಾಲ ಕೆಳಗಿನ ನೆಲ. ಇವರೂ ನಟಿಸಿದ್ದಾರೆ, ಇವರೂ ಹಳೆಯ ಉಡುಪುಗಳನ್ನು ಹೊಲಿಸಿ ತೊಟ್ಟಿದ್ದಾರೆ. ಇಷ್ಟೇ ಅಲ್ಲ, ಕಥೆಯನ್ನೂ ತಿದ್ದಿದ್ದಾರೆ: ಪುರಾಣದಲ್ಲಿ ನಾಯಕ ವೈರಿಗಳನ್ನು ಕೊಲ್ಲುತ್ತಾನೆ, ಚಿತ್ರದಲ್ಲಿ ಕೊಲ್ಲದೆ ಬಿಡುತ್ತಾನೆ. ಹಾಗಾದರೆ ಫ್ಲಾಹರ್ಟಿಗೂ ಇವರಿಗೂ ಭೇದವೆಲ್ಲಿ? ಇಲ್ಲಿ ತಿದ್ದಿದವರು ಆ ಕಥೆಯ ಹಕ್ಕುದಾರರು. ತಿದ್ದಿದ್ದನ್ನು ಮುಚ್ಚಿಡಲೂ ಇಲ್ಲ. ಚಿತ್ರ ಮುಗಿದು ಹೆಸರುಗಳು ಬರುವಾಗ, ಈ ಕಾಲದ ಉಡುಪು ತೊಟ್ಟ ಅದೇ ಜನ ಗಾಡಿಯ ಮೇಲೆ ಕ್ಯಾಮೆರವಿಟ್ಟು ತಳ್ಳುವುದನ್ನೂ ತೋರಿಸುತ್ತಾರೆ.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪದ ಉದಾಹರಣೆ ರಾಮ್ ರೆಡ್ಡಿಯವರ ‘ತಿಥಿ’. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರವನ್ನು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದರು. ನಿರ್ದೇಶಕರು ಹೊರಗಿನವರಾದರೂ ಕಥೆ ಬರೆಯುವಲ್ಲಿ ಜೊತೆಯಾದ ಈರೇಗೌಡರು ಆ ಊರಿನವರೇ. ನಟಿಸಿದವರು ಹಳ್ಳಿಯ ರೈತಾಪಿ ಜನ. ಸೆಂಚುರಿಗೌಡ, ಗಡ್ಡಪ್ಪ ಇವರನ್ನು ಕಂಡು ನಮ್ಮೂರಿನಲ್ಲೂ ಜನ ಬಿದ್ದುಬಿದ್ದು ನಕ್ಕರು. ಆದರೆ ನಕ್ಕದ್ದು ಅವರ ಜೊತೆಯಲ್ಲಿ. ಅಲ್ಲಿ ಬಡತನವಿದೆ, ತಲೆಯ ಮೇಲೆ ಕೈ ಹೊತ್ತು ಆಕಾಶ ನೋಡುವವರು ಯಾರೂ ಇಲ್ಲ.

ಕುನುಕ್ ಅವರ 2019ರ ಚಿತ್ರವೊಂದನ್ನು ಹೇಳಿ ಮುಗಿಸುತ್ತೇನೆ. ‘ನೋಹ ಪಿಯುಗಾಟ್ಟುಕ್ ಅವರ ಬದುಕಿನ ಒಂದು ದಿನ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. 1961ರಲ್ಲಿ ಬ್ಯಾಫಿನ್ ದ್ವೀಪದ ಮಂಜಿನ ಮೇಲೆ ಬೇಟೆಗೆ ಹೊರಟ ಒಬ್ಬ ಹಿರಿಯನನ್ನು ಸರ್ಕಾರದ ಅಧಿಕಾರಿ ತಡೆದು, ಅಲೆಮಾರಿ ಬದುಕು ಬಿಟ್ಟು ಇಗ್ಲೂಲಿಕ್ ಊರಿಗೆ ಬಂದು ನೆಲಸಬೇಕು, ಮಕ್ಕಳನ್ನು ಶಾಲೆಗೆ ಕಳುಹಿಸಬೇಕು ಎಂದು ಒತ್ತಾಯಿಸುತ್ತಾನೆ. ಚಿತ್ರದ ಬಹುಭಾಗ ಚಹ ಕುಡಿಯುತ್ತ ನಡೆಯುವ ಈ ಒಂದೇ ಮಾತುಕತೆ. ನಡುವೆ ಒಬ್ಬ ದುಭಾಷಿ. ಆತ ಅತ್ತಣ ಮಾತನ್ನು ಇತ್ತ, ಇತ್ತಣ ಮಾತನ್ನು ಅತ್ತ ಹಾಕುವಾಗ ಏನೇನೋ ಉಳಿದುಹೋಗುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ಶಾಲೆ ಬೇಕೆಂದ ಅಧಿಕಾರಿಯ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲು ನನ್ನಿಂದಾಗದು. ಬರಲಾರೆನೆಂದ ಹಿರಿಯನ ಮಾತೂ ನನ್ನ ಅಜ್ಜಿಯ ಬಾಯಲ್ಲಿ ಕೇಳಿದಂತೆಯೇ ಇದೆ. ಚಿತ್ರ ನೋಡಿದ ಅಷ್ಟು ಹೊತ್ತೂ ನಾನು ನೋಡುತ್ತಿದ್ದದ್ದು ಅವರಿಬ್ಬರನ್ನಲ್ಲ, ಆ ದುಭಾಷಿಯ ಮುಖವನ್ನು.