ದೃಶ್ಯದಾಖಲೆಗಳ ಭಂಡಾರ: ವ್ಯವಸ್ಥೆ ಮತ್ತು ಪರಿಶೀಲನೆ

ಗ್ರಂಥಭಂಡಾರದಲ್ಲಿ ಒಂದು ಪುಸ್ತಕವನ್ನು ಕೈಗೆತ್ತಿಕೊಂಡವನಿಗೆ ಅದರ ಪರಿಚಯವಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಮುಖಪುಟ, ಮುನ್ನುಡಿ, ಪರಿವಿಡಿ, ಕೊನೆಯ ಶಬ್ದಸೂಚಿ ಇವು ಕೆಲವೇ ನಿಮಿಷಗಳಲ್ಲಿ ಗ್ರಂಥದ ಸ್ವರೂಪವನ್ನು ತಿಳಿಸಿಬಿಡುತ್ತವೆ. ತಾಳೆಯೋಲೆಯ ಕಟ್ಟುಗಳಲ್ಲಿ ಸಹ ಸಂವತ್ಸರ, ಮಾಸ, ತಿಥಿಗಳನ್ನೂ ತನ್ನ ಹೆಸರನ್ನೂ ಲಿಪಿಕಾರನು ಕೊನೆಯಲ್ಲಿ ಬರೆದಿಡುವ ರೂಢಿಯಿತ್ತು. ಆ ಎರಡು ಸಾಲುಗಳಿಂದಲೇ ಎಷ್ಟೋ ಗ್ರಂಥಗಳ ಕಾಲನಿರ್ಣಯ ಸಾಧ್ಯವಾಗಿದೆ. ಆದರೆ ಚಿತ್ರಸುರುಳಿ, ವಿಡಿಯೊ ಕ್ಯಾಸೆಟ್, ಗಣಕಯಂತ್ರದ ಕಡತ ಇವು ಹೊರನೋಟಕ್ಕೆ ಮೂಕವಸ್ತುಗಳು. ಒಂದು ಗಂಟೆಯ ದೃಶ್ಯದಲ್ಲಿ ಏನಿದೆಯೆಂದು ತಿಳಿಯಬೇಕಾದರೆ ಒಂದು ಗಂಟೆ ಕುಳಿತು ನೋಡಲೇಬೇಕು. ನೂರು ಗಂಟೆಗಳ ಸಂಗ್ರಹವಿದ್ದರೆ, ದಿನಕ್ಕೆ 5 ಗಂಟೆಗಳಂತೆ ನೋಡಿದರೂ 20 ದಿನಗಳು ಬೇಕಾಗುತ್ತವೆ. ಅಷ್ಟು ಬಿಡುವುಳ್ಳವರು ವಿರಳ. ಆದುದರಿಂದ ಯಾರೂ ನೋಡದ ದೃಶ್ಯಗಳು ಕಪಾಟಿನಲ್ಲಿಯೇ ಉಳಿದು ಕಾಲಕ್ರಮದಲ್ಲಿ ನಾಶವಾಗುತ್ತವೆ.

ಈ ತೊಡಕಿನ ಪರಿಹಾರಕ್ಕಾಗಿ ಬೆಳೆದುಬಂದ ಶಾಸ್ತ್ರವೇ ‘ಮೀಡಿಯಾ ಅಸೆಟ್ ಮ್ಯಾನೇಜ್‌ಮೆಂಟ್’, ಅಂದರೆ ದೃಶ್ಯಶ್ರವ್ಯ ಸಂಪತ್ತಿನ ನಿರ್ವಹಣೆ. ದೂರದರ್ಶನ ಕೇಂದ್ರಗಳು, ಚಲನಚಿತ್ರ ಸಂಸ್ಥೆಗಳು ಹಾಗೂ ವಸ್ತುಸಂಗ್ರಹಾಲಯಗಳು ಇದಕ್ಕೆಂದೇ ರಚಿತವಾದ ತಂತ್ರಾಂಶಗಳನ್ನು ಬಳಸುತ್ತಿವೆ. ಆ ತಂತ್ರಾಂಶಗಳು ಮಾಡುವುದೇನು, ಮನುಷ್ಯರಿಗಾಗಿ ಅವು ಉಳಿಸುವ ಕೆಲಸವೇನು, ವಿದ್ಯಾಸಂಸ್ಥೆಗಳಿಗೆ ಇದರಿಂದಾಗುವ ಪ್ರಯೋಜನವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಚಂದ್ರಯಾನದ ಒಂದು ಪಾಠ

ಭಾರತೀಯ ಕಾಲಮಾನದಂತೆ 1969ರ ಜುಲೈ 21ರ ಬೆಳಿಗ್ಗೆ ಮಾನವನು ಚಂದ್ರನ ಮೇಲೆ ಮೊದಲ ಹೆಜ್ಜೆಯಿಟ್ಟನು. ಅಪೊಲೊ 11ರ ಕ್ಯಾಮೆರಾ ಅಲ್ಲಿಂದ ಸೆಕೆಂಡಿಗೆ 10 ಫ್ರೇಮುಗಳಂತೆ, 320 ಗೆರೆಗಳ ಚಿತ್ರವನ್ನು ಕಳುಹಿಸುತ್ತಿತ್ತು. ಅಂದಿನ ಅಮೆರಿಕದ ಟೆಲಿವಿಷನ್ ಪದ್ಧತಿಯಾದರೋ ಸೆಕೆಂಡಿಗೆ 30 ಫ್ರೇಮುಗಳ, 525 ಗೆರೆಗಳ ಪದ್ಧತಿಯಾಗಿತ್ತು. ಆದುದರಿಂದ ಚಂದ್ರನಿಂದ ಬಂದ ಚಿತ್ರವನ್ನು ಭೂಕೇಂದ್ರದಲ್ಲಿ ಒಂದು ಪರದೆಯ ಮೇಲೆ ಮೂಡಿಸಿ, ಅದನ್ನು ಮತ್ತೊಂದು ಕ್ಯಾಮೆರಾದಿಂದ ಹಿಡಿದು ಪ್ರಸಾರ ಮಾಡಬೇಕಾಯಿತು. ಜಗತ್ತು ಕಂಡ ಮಸುಕಾದ ಚಿತ್ರ ಈ ಪರಿವರ್ತನೆಯ ಫಲ. ಅದಕ್ಕಿಂತ ಸ್ಪಷ್ಟವಾಗಿದ್ದ ಮೂಲ ಸಂಕೇತಗಳು ಭೂಕೇಂದ್ರಗಳಲ್ಲಿ ಟೆಲಿಮೆಟ್ರಿ ಟೇಪುಗಳ ಮೇಲೆ, ಇತರ ತಾಂತ್ರಿಕ ಅಂಕಿಅಂಶಗಳೊಡನೆ, ದಾಖಲಾಗಿದ್ದವು.

ದಶಕಗಳ ತರುವಾಯ ಈ ಮೂಲ ಟೇಪುಗಳಿಗಾಗಿ ಶೋಧ ನಡೆಯಿತು. 2009ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಆ ಶೋಧದ ಫಲಿತಾಂಶವನ್ನು ಪ್ರಕಟಿಸಿತು. ಟೇಪುಗಳ ಕೊರತೆಯಿದ್ದ ವರ್ಷಗಳಲ್ಲಿ ಅವುಗಳನ್ನು ಇತರ ಸಾವಿರಾರು ಟೇಪುಗಳ ಜೊತೆಗೆ ಅಳಿಸಿ ಮರುಬಳಕೆ ಮಾಡಿರುವ ಸಂಭವವೇ ಹೆಚ್ಚೆಂಬುದು ಅದರ ಸಾರ. ಕೊನೆಗೆ ದೂರದರ್ಶನ ಸಂಸ್ಥೆಗಳಲ್ಲಿ ಉಳಿದಿದ್ದ ಪ್ರಸಾರದ ಪ್ರತಿಗಳನ್ನೇ ಆಧರಿಸಿ ಚಿತ್ರವನ್ನು ಸಂಸ್ಕರಿಸಬೇಕಾಯಿತು.

ಈ ನಷ್ಟಕ್ಕೆ ಬೆಂಕಿಯಾಗಲಿ, ಪ್ರವಾಹವಾಗಲಿ, ಯಾರ ದುರುದ್ದೇಶವಾಗಲಿ ಕಾರಣವಲ್ಲ. ದಾಸ್ತಾನಿನವರ ಕಣ್ಣಿಗೆ ಅವು ಕೆಲಸ ಮುಗಿದ ಅಂಕಿಅಂಶಗಳ ಟೇಪುಗಳು ಮಾತ್ರವಾಗಿದ್ದವು. ಅವುಗಳೊಳಗೆ ಏನಿದೆ, ಅದು ಏಕೆ ಅಮೂಲ್ಯ ಎಂಬ ಅರಿವು ಟೇಪಿನೊಡನೆ ಸಾಗಿಬರಲಿಲ್ಲ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯಲ್ಲಿಯೂ 1960 ಮತ್ತು 1970ರ ದಶಕಗಳಲ್ಲಿ ದುಬಾರಿ ಟೇಪುಗಳ ಮರುಬಳಕೆಗಾಗಿ ಅನೇಕ ಕಾರ್ಯಕ್ರಮಗಳನ್ನು ಅಳಿಸಲಾಯಿತು. ಕನ್ನಡಿಗರಿಗೂ ಇಂಥ ನಷ್ಟದ ಅನುಭವವಿದೆ. 1934ರಲ್ಲಿ ತೆರೆಕಂಡ, ಕನ್ನಡದ ಮೊದಲ ವಾಕ್ಚಿತ್ರವೆಂದು ಪರಿಗಣಿತವಾದ, ವೈ.ವಿ. ರಾವ್ ಅವರ ನಿರ್ದೇಶನದ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ತಂತ್ರಾಂಶದ ಕಾರ್ಯವಿಧಾನ

ದೃಶ್ಯಸಂಪತ್ತಿನ ನಿರ್ವಹಣೆಯ ಮೊದಲ ಹಂತ ‘ಇಂಜೆಸ್ಟ್’, ಅಂದರೆ ಬರಮಾಡಿಕೊಳ್ಳುವಿಕೆ. ಗ್ರಂಥಾಲಯಕ್ಕೆ ಬಂದ ಪುಸ್ತಕಕ್ಕೆ ದಾಖಲಾತಿ ಸಂಖ್ಯೆ ಕೊಡುವಂತೆ, ಇಲ್ಲಿ ಒಳಬಂದ ಪ್ರತಿಯೊಂದು ಕಡತಕ್ಕೂ ಬದಲಾಗದ ಒಂದು ಗುರುತುಸಂಖ್ಯೆ ದೊರೆಯುತ್ತದೆ. ‘ಹೊಸದು’, ‘ಕೊನೆಯದು’, ‘ನಿಜವಾದ ಕೊನೆಯದು’ ಎಂದು ಕಡತಗಳಿಗೆ ಹೆಸರಿಡುವವರ ಪಾಡು ಎಲ್ಲರಿಗೂ ವಿದಿತವೇ ಆಗಿದೆ. ಗುರುತುಸಂಖ್ಯೆಯಿದ್ದಲ್ಲಿ ಆ ಗೊಂದಲಕ್ಕೆ ಅವಕಾಶವಿಲ್ಲ.

ಅದೇ ಹಂತದಲ್ಲಿ ಗಣಿತಸೂತ್ರವೊಂದರ ನೆರವಿನಿಂದ ಕಡತದ ‘ಚೆಕ್‌ಸಮ್’ ತೆಗೆಯಲಾಗುತ್ತದೆ. ಇದನ್ನು ಕಡತದ ಹೆಬ್ಬೆರಳ ಗುರುತೆನ್ನಬಹುದು. ಎಂ.ಡಿ.5 ಎಂಬ ಪ್ರಸಿದ್ಧ ಸೂತ್ರವು ಕಡತ ಎಷ್ಟೇ ದೊಡ್ಡದಾಗಿದ್ದರೂ 32 ಅಕ್ಷರಾಂಕಗಳ ಒಂದು ಗುರುತನ್ನು ಕೊಡುತ್ತದೆ. ಕಡತದಲ್ಲಿ ಒಂದು ಬಿಂದುವಿನಷ್ಟು ವ್ಯತ್ಯಾಸವಾದರೂ ಆ ಗುರುತು ಬೇರೆಯಾಗುತ್ತದೆ. ವರ್ಷಕ್ಕೊಮ್ಮೆ ಗುರುತನ್ನು ಮತ್ತೆ ತೆಗೆದು ಹಳೆಯದರೊಡನೆ ಹೋಲಿಸಿದರೆ, ಕಡತ ಕೆಟ್ಟಿದೆಯೋ ಇಲ್ಲವೋ ಎಂಬುದು ಯಾರೂ ಕುಳಿತು ನೋಡದೆಯೇ ತಿಳಿಯುತ್ತದೆ.

ಎರಡನೆಯದು ಲಘುಪ್ರತಿಯ ನಿರ್ಮಾಣ. ಇದಕ್ಕೆ ‘ಪ್ರಾಕ್ಸಿ’ ಎಂದು ಹೆಸರು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಚಿತ್ರಿಸಿದ ಒಂದು ಗಂಟೆಯ ಮೂಲದೃಶ್ಯಕ್ಕೆ 45 ಗಿಗಾಬೈಟ್ ಸ್ಥಳ ಬೇಕು. ಅದರಿಂದಲೇ 2 ಮೆಗಾಬಿಟ್ ವೇಗದ ಲಘುಪ್ರತಿಯನ್ನು ಮಾಡಿದರೆ ಒಂದು ಗಿಗಾಬೈಟಿಗೂ ಕಡಿಮೆ ಸ್ಥಳ ಸಾಕು. ನೋಡುವುದು, ಹುಡುಕುವುದು, ಟಿಪ್ಪಣಿ ಬರೆಯುವುದು ಎಲ್ಲವೂ ಲಘುಪ್ರತಿಯ ಮೇಲೆಯೇ ನಡೆಯುತ್ತವೆ. ಮೂಲಪ್ರತಿಯನ್ನು ಯಾರೂ ಮುಟ್ಟಬೇಕಾಗಿಲ್ಲ. ಅಮೂಲ್ಯ ಓಲೆಗರಿಯನ್ನು ಪೆಟ್ಟಿಗೆಯಲ್ಲಿರಿಸಿ, ಅಭ್ಯಾಸಿಗಳಿಗೆ ಅದರ ನಕಲನ್ನು ಕೊಡುವ ಕ್ರಮವೇ ಇದು.

ಮೂರನೆಯದು ‘ಟೈಮ್‌ಕೋಡ್’. ಪುಸ್ತಕಕ್ಕೆ ಪುಟಸಂಖ್ಯೆಯಿರುವಂತೆ ದೃಶ್ಯಕ್ಕೆ ಕಾಲಾಂಕ. ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂಬ ನಾಲ್ಕು ಜೋಡಿ ಅಂಕಿಗಳಿಂದ ಅದು ರಚಿತವಾಗಿದೆ. 01:12:40:08 ಎಂದರೆ ಒಂದು ಗಂಟೆ, 12 ನಿಮಿಷ, 40 ಸೆಕೆಂಡು, 8 ಫ್ರೇಮು. ಸೆಕೆಂಡಿಗೆ 25 ಫ್ರೇಮುಗಳ ಪದ್ಧತಿಯಲ್ಲಿ ಒಂದು ಗಂಟೆಗೆ 90,000 ಫ್ರೇಮುಗಳಾಗುತ್ತವೆ. ಅವುಗಳಲ್ಲಿ ಬೇಕಾದ ಒಂದನ್ನು ಈ ಅಂಕದಿಂದ ಕ್ಷಣಮಾತ್ರದಲ್ಲಿ ತಲುಪಬಹುದು.

ಪರಿಶೀಲನೆಯ ಕಾರ್ಯವೆಲ್ಲ ಈ ಕಾಲಾಂಕವನ್ನೇ ಅವಲಂಬಿಸಿದೆ. ಪರಿಶೀಲಕನು ದೃಶ್ಯವನ್ನು ನೋಡುತ್ತ, ಉಪಯುಕ್ತ ಭಾಗದ ಆರಂಭ ಮತ್ತು ಅಂತ್ಯಗಳನ್ನು ಗುರುತು ಮಾಡುತ್ತಾನೆ, ಅದಕ್ಕೆ ಶೀರ್ಷಿಕೆ ಕೊಡುತ್ತಾನೆ, ಸಂದೇಹವಿದ್ದರೆ ಪ್ರಶ್ನೆ ಬರೆದಿಡುತ್ತಾನೆ. ಬೇರೊಂದು ಊರಿನಲ್ಲಿರುವ ಇನ್ನೊಬ್ಬನು ಅದೇ ಸ್ಥಳದಲ್ಲಿ ಉತ್ತರವನ್ನು ಸೇರಿಸಬಹುದು. ಯಾವ ಭಾಗ ಅಂಗೀಕೃತ, ಯಾವುದು ತಿದ್ದಬೇಕಾದದ್ದು, ಯಾರು ಯಾವಾಗ ಒಪ್ಪಿಗೆ ಕೊಟ್ಟರು ಎಂಬುದೆಲ್ಲವೂ ದಾಖಲೆಯಲ್ಲಿ ಉಳಿಯುತ್ತದೆ. ‘ಮಧ್ಯದಲ್ಲೆಲ್ಲೋ ಒಳ್ಳೆಯ ಮಾತೊಂದಿತ್ತು’ ಎಂಬ ಅಸ್ಪಷ್ಟ ನೆನಪಿನ ಸ್ಥಾನದಲ್ಲಿ ನಿಖರವಾದ ಒಂದು ಅಂಕಿ ನಿಲ್ಲುತ್ತದೆ.

ವಿವರಣೆಯ ಮಹತ್ವ

ಮೇಲೆ ಹೇಳಿದ ಕಾರ್ಯಗಳಲ್ಲಿ ಹೆಚ್ಚಿನವನ್ನು ಯಂತ್ರವೇ ನೆರವೇರಿಸುತ್ತದೆ. ಮನುಷ್ಯನಿಗೆ ಉಳಿಯುವ ಪ್ರಧಾನ ಕಾರ್ಯವೆಂದರೆ ವಿವರಣೆ. ‘ಮೆಟಾಡೇಟಾ’ ಎಂದು ಕರೆಯಲ್ಪಡುವ ಈ ವಿವರಗಳು ಕಡತದೊಡನೆ ಬೆಸೆದುಕೊಂಡು ಹುಡುಕಾಟವನ್ನು ಸಾಧ್ಯವಾಗಿಸುತ್ತವೆ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಪಟ್ಟಣದಲ್ಲಿ ಸೇರಿದ ತಜ್ಞರ ಪ್ರಯತ್ನದಿಂದ ರೂಪುತಳೆದ ‘ಡಬ್ಲಿನ್ ಕೋರ್’ ಪದ್ಧತಿಯಲ್ಲಿ ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಭಾಷೆ, ಹಕ್ಕು ಮೊದಲಾದ 15 ಅಂಶಗಳಿವೆ.

ಈ ಚಿಂತನೆಗೆ ಭಾರತೀಯರು ಇತ್ತ ಕಾಣಿಕೆ ಸಣ್ಣದಲ್ಲ. ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪಂಚಸೂತ್ರಗಳನ್ನು ಪ್ರಕಟಿಸಿದರು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. 1933ರ ‘ಕೋಲನ್ ವರ್ಗೀಕರಣ’ದಿಂದ ಮೊದಲಾದ ತಮ್ಮ ಚಿಂತನೆಯನ್ನು ಮುಂದುವರಿಸಿ, ಯಾವುದೇ ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿಂದ ಬಿಡಿಸಿ ನೋಡುವ ಕ್ರಮವನ್ನು ಅವರು ರೂಪಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಅವರ ನೇತೃತ್ವದಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. 1972ರಲ್ಲಿ ಅದೇ ನಗರದಲ್ಲಿ ಅವರು ನಿಧನರಾದರು. ದೃಶ್ಯದಲ್ಲಿರುವವರು ಯಾರು, ಕಾಣುವ ವಸ್ತು ಯಾವುದು, ನಡೆಯುತ್ತಿರುವ ಕ್ರಿಯೆ ಏನು, ಎಲ್ಲಿ, ಯಾವಾಗ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟರೆ, ಐದರಲ್ಲಿ ಯಾವ ದಾರಿಯಿಂದ ಬಂದವನಿಗೂ ಆ ದೃಶ್ಯ ದೊರೆಯುತ್ತದೆ.

ಸಂಪಾದಿತ ಚಲನಚಿತ್ರಗಳಿಗಿಂತ ಕಚ್ಚಾ ದೃಶ್ಯಗಳಿಗೇ ಪ್ರಾಧಾನ್ಯವಿತ್ತು ಇಂಥ ವಿವರಣೆಯ ಕಾರ್ಯವನ್ನು ಕೈಗೊಂಡ ಭಾರತೀಯ ಪ್ರಯತ್ನವೊಂದು ‘ಪ್ಯಾಡ್.ಮಾ’. ಮುಂಬಯಿ, ಬೆಂಗಳೂರು ಮತ್ತು ಬರ್ಲಿನ್ ನಗರಗಳ ಕೆಲವು ಗುಂಪುಗಳು ಸೇರಿ 2008ರಲ್ಲಿ ಆರಂಭಿಸಿದ ಈ ಭಂಡಾರದಲ್ಲಿ ದೃಶ್ಯದ ಪಕ್ಕದಲ್ಲಿಯೇ ಮಾತಿನ ಲಿಖಿತರೂಪ, ವಿವರಣೆ, ಟಿಪ್ಪಣಿಗಳು ಕಾಲಾಂಕಸಹಿತವಾಗಿ ಜೋಡಿಸಲ್ಪಟ್ಟಿವೆ. ಇದಕ್ಕಾಗಿ ಬಳಸಿದ ‘ಪ್ಯಾಂಡೋರ’ ತಂತ್ರಾಂಶವು ಮುಕ್ತ ತಂತ್ರಾಂಶವಾಗಿದ್ದು, ಯಾವ ಸಂಸ್ಥೆಯಾದರೂ ಅದನ್ನು ಶುಲ್ಕವಿಲ್ಲದೆ ಬಳಸಬಹುದಾಗಿದೆ. ಅನೇಕ ಸಂಸ್ಥೆಗಳಲ್ಲಿ ಬಳಕೆಯಲ್ಲಿರುವ ‘ರಿಸೋರ್ಸ್‌ಸ್ಪೇಸ್’ ಕೂಡ ಈ ಬಗೆಯದೇ.

ವಿದ್ಯಾಸಂಸ್ಥೆಗಳಿಗೆ ಅನ್ವಯ

ಹಳೆಯ ವಿದ್ಯಾಸಂಸ್ಥೆಗಳಲ್ಲಿ ಶಂಕುಸ್ಥಾಪನೆ, ವಾರ್ಷಿಕೋತ್ಸವ, ಬೆಳ್ಳಿಹಬ್ಬ, ಕ್ರೀಡಾಕೂಟ, ನಿವೃತ್ತ ಗುರುಗಳ ಬೀಳ್ಕೊಡುಗೆ ಮೊದಲಾದ ಸಂದರ್ಭಗಳ ಕ್ಯಾಸೆಟ್ಟುಗಳು ಬೀರುಗಳಲ್ಲಿ ಇರುವುದು ಅಪರೂಪವಲ್ಲ. ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಅಂಥವು ಇರುತ್ತವೆ. ಇವುಗಳ ವಿಷಯದಲ್ಲಿ ವಿಳಂಬ ಸಲ್ಲದು. ಕಾಂತೀಯ ಟೇಪು ಕಾಲಕ್ರಮದಲ್ಲಿ ಶಿಥಿಲವಾಗುತ್ತದೆ; ಶಾಖ ಮತ್ತು ತೇವಗಳು ಅದನ್ನು ತ್ವರಿತಗೊಳಿಸುತ್ತವೆ. ಅದನ್ನು ಓಡಿಸುವ ಯಂತ್ರಗಳೂ ಕಣ್ಮರೆಯಾಗುತ್ತಿವೆ. ವಿ.ಎಚ್.ಎಸ್. ಯಂತ್ರಗಳ ಕೊನೆಯ ತಯಾರಕರೆಂದು ತಿಳಿಯಲಾದ ಜಪಾನಿನ ಫುನಾಯ್ ಸಂಸ್ಥೆ 2016ರ ಜುಲೈಯಲ್ಲಿ ಅವುಗಳ ಉತ್ಪಾದನೆಯನ್ನು ನಿಲ್ಲಿಸಿತು. 2025ರೊಳಗೆ ಅಂಕೀಕರಣಗೊಳ್ಳದ ಟೇಪುಗಳಲ್ಲಿ ಬಹುಪಾಲು ಕೈತಪ್ಪಬಹುದೆಂದು ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು 2015ರಲ್ಲಿಯೇ ಎಚ್ಚರಿಸಿತ್ತು.

ಕಾರ್ಯಕ್ರಮವನ್ನು ಹೀಗೆ ರೂಪಿಸಿಕೊಳ್ಳಬಹುದು. ಮೊದಲು ಇರುವ ಕ್ಯಾಸೆಟ್ಟುಗಳ ಪಟ್ಟಿ ತಯಾರಾಗಬೇಕು. ಮೇಲಿನ ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನು ಯಥಾವತ್ತಾಗಿ ನಕಲು ಮಾಡಬೇಕು. ಬಳಿಕ ಅಂಕೀಕರಣ ನಡೆಯಬೇಕು. ಪ್ರತಿಯೊಂದರ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಇರಬೇಕೆಂಬುದು ಸರ್ವಸಮ್ಮತ ನಿಯಮ. ಆಮೇಲೆ ವಿವರಣೆ. ಮಾದರಿಗಾಗಿ ಒಂದು ದಾಖಲೆಯನ್ನು ಹೀಗೆ ಕಲ್ಪಿಸಬಹುದು: ‘ಕಾಲಾಂಕ 00:14:05:00ರಿಂದ 00:16:30:00. ಪ್ರಸಾದ ನಿಲಯದ ಹೊಸ ಕಟ್ಟಡದ ಉದ್ಘಾಟನೆ. ಎಡದಿಂದ ಮೂರನೆಯವರು ಅಂದಿನ ಮುಖ್ಯೋಪಾಧ್ಯಾಯರು; ಅವರ ಪಕ್ಕದಲ್ಲಿ ನಿವೇಶನವನ್ನು ದಾನವಿತ್ತವರು. ಹಿಂದೆ ಕಾಣುವ ಬೇವಿನ ಮರ ಈಗ ಇಲ್ಲ.’ ಮುಖ್ಯೋಪಾಧ್ಯಾಯರ ಮತ್ತು ದಾನಿಯ ಹೆಸರುಗಳೂ ಅದರಲ್ಲಿ ಸೇರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಇಷ್ಟು ಬರೆಯಲು ಹತ್ತು ನಿಮಿಷ ಸಾಕು. ಆದರೆ ಆ ದಾನಿಯ ಮುಖವನ್ನು ಗುರುತಿಸಬಲ್ಲವರು ಊರಿನಲ್ಲಿ ಇನ್ನಿಬ್ಬರೇ ಉಳಿದಿರಬಹುದು.

ಈಗಿನ ತಂತ್ರಾಂಶಗಳು ಮಾತನ್ನು ಬರಹಕ್ಕಿಳಿಸಬಲ್ಲವು, ಒಂದೇ ಮುಖವುಳ್ಳ ದೃಶ್ಯಗಳನ್ನು ಒಟ್ಟುಗೂಡಿಸಬಲ್ಲವು. ಇವು ಶ್ರಮವನ್ನು ಬಹಳಷ್ಟು ಕಡಿಮೆ ಮಾಡುತ್ತವೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಳೆಯ ಟೇಪಿನ ಗದ್ದಲದಲ್ಲಿ, ಪ್ರಾದೇಶಿಕ ಉಚ್ಚಾರಣೆಯಲ್ಲಿ, ವ್ಯಕ್ತಿಗಳ ಹಾಗೂ ಊರುಗಳ ಹೆಸರುಗಳಲ್ಲಿ ಅವು ಎಡವುವುದುಂಟು. ನೂರು ದೃಶ್ಯಗಳಲ್ಲಿ ಕಾಣುವ ಮುಖ ಒಂದೇ ಎಂದು ಯಂತ್ರ ಹೇಳೀತು. ಆ ಮುಖ ಯಾರದೆಂದು ಮೊದಲ ಬಾರಿಗೆ ಹೇಳಬೇಕಾದವನು ಮನುಷ್ಯನೇ. ಆದುದರಿಂದ ನಿವೃತ್ತ ಶಿಕ್ಷಕರನ್ನೂ ಹಿರಿಯ ವಿದ್ಯಾರ್ಥಿಗಳನ್ನೂ ವಾರಕ್ಕೊಮ್ಮೆ ಕೂಡಿಸಿ, ಲಘುಪ್ರತಿಗಳನ್ನು ತೋರಿಸಿ, ಅವರು ಹೇಳಿದ್ದನ್ನು ಕಿರಿಯ ವಿದ್ಯಾರ್ಥಿಗಳಿಂದ ಬರೆಯಿಸುವುದು ಉಚಿತ. ಅದು ವಿದ್ಯಾರ್ಥಿಗಳಿಗೆ ಇತಿಹಾಸದ ಪಾಠವೂ ಆಗುತ್ತದೆ.

ಒಂದು ಎಚ್ಚರಿಕೆಯೂ ಅವಶ್ಯ. ಶಾಲೆಯ ದೃಶ್ಯಗಳಲ್ಲಿ ಮಕ್ಕಳಿರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಸಮ್ಮತಿಯನ್ನು ಅಪೇಕ್ಷಿಸುತ್ತದೆ. ಯಾವ ದೃಶ್ಯ ಎಲ್ಲರಿಗೂ ಮುಕ್ತ, ಯಾವುದು ಸಂಸ್ಥೆಯೊಳಗೆ ಮಾತ್ರ ಎಂಬ ನಿರ್ಬಂಧವನ್ನು ತಂತ್ರಾಂಶದಲ್ಲಿಯೇ ವಿಧಿಸಬಹುದು. ಅದನ್ನು ಆರಂಭದಲ್ಲಿಯೇ ನಿರ್ಧರಿಸುವುದು ಕ್ಷೇಮ.

ಕಟ್ಟಡಕ್ಕೆ, ಪೀಠೋಪಕರಣಕ್ಕೆ, ಗ್ರಂಥಾಲಯಕ್ಕೆ ನೆರವಿತ್ತ ದಾನಿಗಳು ಇಂಥ ಭಂಡಾರದ ಕಡೆಗೂ ದೃಷ್ಟಿ ಹರಿಸಿದರೆ ಅದು ದೂರದೃಷ್ಟಿಯ ಕಾರ್ಯವಾದೀತು. ತಗಲುವ ವೆಚ್ಚದಲ್ಲಿ ಯಂತ್ರಕ್ಕಿಂತ ಮನುಷ್ಯಶ್ರಮದ ಪಾಲೇ ದೊಡ್ಡದು, ಮತ್ತು ಆ ಶ್ರಮವನ್ನು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಹಂಚಿಕೊಳ್ಳಬಹುದು. ಟೇಪನ್ನು ಓಡಿಸುವ ಯಂತ್ರ ಹುಡುಕಿದರೆ ಇನ್ನೂ ಕೆಲವು ಕಾಲ ಸಿಕ್ಕೀತು. ಅದರಲ್ಲಿ ಕಾಣುವವರನ್ನು ಹೆಸರು ಹಿಡಿದು ಕರೆಯಬಲ್ಲ ಹಿರಿಯರು ಇರುವಾಗಲೇ ಈ ಕಾರ್ಯ ಆರಂಭವಾಗುವುದು ಎಲ್ಲ ದೃಷ್ಟಿಯಿಂದಲೂ ಅಗತ್ಯವಾಗಿದೆ.