ಕುಟುಂಬಶಾಸ್ತ್ರಕ್ಕೆ ಮಾರ್ಮನ್ ವಿದ್ವಾಂಸರ ಕೊಡುಗೆ

ಕುಟುಂಬವು ಮಾನವ ಸಮಾಜದ ಅತ್ಯಂತ ಪ್ರಾಚೀನ ಸಂಸ್ಥೆ. ಆದರೆ ಅದನ್ನು ಶಾಸ್ತ್ರದೃಷ್ಟಿಯಿಂದ ಪರೀಕ್ಷಿಸುವ ಕಾರ್ಯ ಈಚಿನದು. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಈ ಶಾಸ್ತ್ರವನ್ನು ಬೆಳೆಸಿದವರ ಪೈಕಿ ಮಾರ್ಮನ್ ಮತದ ವಿದ್ವಾಂಸರು ಗಣ್ಯರು.

1830ರಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಮತದ ಅನುಯಾಯಿಗಳು 1847ರಲ್ಲಿ ಬ್ರಿಗ್‌ಹ್ಯಾಮ್ ಯಂಗ್‌ನ ನೇತೃತ್ವದಲ್ಲಿ ಯೂಟಾ ಪ್ರಾಂತಕ್ಕೆ ಬಂದು ನೆಲೆಸಿದರು. ದೇವಾಲಯದಲ್ಲಿ ವಿಧಿಪೂರ್ವಕವಾಗಿ ಬೆಸೆದ ದಾಂಪತ್ಯವು ಮರಣಾನಂತರವೂ ಉಳಿಯುವುದೆಂದು ಅವರು ನಂಬುತ್ತಾರೆ. ಅವರಲ್ಲಿದ್ದ ಬಹುಪತ್ನೀತ್ವವನ್ನು ಕೈಬಿಡುವ ಘೋಷಣೆ 1890ರಲ್ಲಿ ಹೊರಟಿತು. ಹೀಗೆ ಕುಟುಂಬವು ಅವರಿಗೆ ಶ್ರದ್ಧೆಯ ವಿಷಯವೂ ಹೌದು, ವಿವಾದದ ವಿಷಯವೂ ಹೌದು. ಇಂಥ ಶ್ರದ್ಧಾವಂತರು ನಿಷ್ಪಕ್ಷಪಾತವಾಗಿ ಶೋಧಿಸಬಲ್ಲರೇ ಎಂಬ ಶಂಕೆ ಸಹಜ. ಅದಕ್ಕೆ ಅವರ ಕೃತಿಗಳೇ ಸಮಾಧಾನ ಹೇಳಬೇಕು.

ಯೂಟಾದ ಲೋಗನ್ ಪಟ್ಟಣದಲ್ಲಿ 1912ರಲ್ಲಿ ಜನಿಸಿದ ರೂಬೆನ್ ಹಿಲ್ ಮುಂದೆ ಮಿನಸೋಟ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗೃಹಸ್ಥರು ಸೈನ್ಯಕ್ಕೆ ತೆರಳಿ ಮರಳಿ ಬಂದ ಅಯೋವಾ ಪ್ರಾಂತದ ಕುಟುಂಬಗಳನ್ನು ಪರಿಶೀಲಿಸಿ, 1949ರಲ್ಲಿ ‘ಫ್ಯಾಮಿಲೀಸ್ ಅಂಡರ್ ಸ್ಟ್ರೆಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಒಂದೇ ಬಗೆಯ ಆಘಾತ ಎರಡು ಮನೆಗಳಿಗೆ ಒದಗಿದರೂ ಒಂದು ಕುಸಿದು ಇನ್ನೊಂದು ಚೇತರಿಸಿಕೊಳ್ಳುವುದೇಕೆ? ಘಟನೆಯೊಂದೇ ಕಾರಣವಲ್ಲ, ಕುಟುಂಬದಲ್ಲಿರುವ ಸಾಧನಬಲ, ಆ ಘಟನೆಯನ್ನು ಅದು ಅರ್ಥೈಸಿಕೊಳ್ಳುವ ಬಗೆ, ಇವೂ ಕೂಡಿಯೇ ವಿಪತ್ತು ಸಂಭವಿಸುತ್ತದೆ ಎಂದು ಹಿಲ್ ಪ್ರತಿಪಾದಿಸಿದರು. ಸಂಕಟಗ್ರಸ್ತ ಕುಟುಂಬಗಳ ಅಧ್ಯಯನಕ್ಕೆ ಈ ತತ್ತ್ವ ಇಂದಿಗೂ ಆಧಾರವಾಗಿದೆ.

ಪರ್ಡ್ಯೂ ವಿಶ್ವವಿದ್ಯಾನಿಲಯದ ಹೆರಾಲ್ಡ್ ಕ್ರಿಸ್ಟೆನ್ಸನ್ ಅವರ ಶೋಧನೆ ಇನ್ನೂ ದಿಟ್ಟತನದ್ದು. ಅವರು ಯೂಟಾ, ಇಂಡಿಯಾನಾ, ಡೆನ್ಮಾರ್ಕ್ ಈ ಮೂರೆಡೆಯ ವಿವಾಹ ಹಾಗೂ ಜನನ ದಾಖಲೆಗಳನ್ನು ಜೋಡಿಸಿ ನೋಡಿದರು. ವಿವಾಹಪೂರ್ವ ಗರ್ಭಧಾರಣೆ ಕಟ್ಟುನಿಟ್ಟಿನ ಯೂಟಾದಲ್ಲಿ ಅತಿ ಕಡಮೆ, ಡೆನ್ಮಾರ್ಕಿನಲ್ಲಿ ಅತಿ ಹೆಚ್ಚು. ಇಷ್ಟಕ್ಕೇ ನಿಲ್ಲಿಸಿದ್ದರೆ ಸ್ವಮತದ ಪ್ರಶಂಸೆಯಾಗುತ್ತಿತ್ತು. ಆದರೆ ಅಂಥ ಸಂದರ್ಭದಲ್ಲಿ ಅವಸರದ ಮದುವೆ, ತರುವಾಯದ ವಿಚ್ಛೇದನ ಮುಂತಾದ ದುಷ್ಪರಿಣಾಮಗಳು ಯೂಟಾದಲ್ಲಿಯೇ ಅಧಿಕವೆಂಬುದನ್ನೂ ಅವರು ಮರೆಮಾಚಲಿಲ್ಲ. ನಿಯಮ ಬಿಗಿಯಾದಷ್ಟೂ ಸ್ಖಲನ ತಡೆಯಲ್ಪಡುತ್ತದೆ. ಎಡವಿದವರಿಗೆ ಬೀಳುವ ಪೆಟ್ಟೂ ಅಷ್ಟೇ ಕಠಿಣವಾಗುತ್ತದೆ. 1964ರಲ್ಲಿ ವಿವಾಹ ಮತ್ತು ಕುಟುಂಬ ಕುರಿತ ಬೃಹತ್ ಕೈಪಿಡಿಯನ್ನು ಸಂಪಾದಿಸಿದವರೂ ಇವರೇ.

ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾನಿಲಯದ ವೆಸ್ಲಿ ಬರ್ ಅವರು ಹಿಲ್ ಮೊದಲಾದವರೊಡಗೂಡಿ, ಚದುರಿದ್ದ ಸಿದ್ಧಾಂತಗಳನ್ನು 1979ರಲ್ಲಿ ಎರಡು ಸಂಪುಟಗಳಾಗಿ ಕ್ರೋಡೀಕರಿಸಿದರು.

ಶ್ರದ್ಧೆಯು ಪ್ರಶ್ನೆಯನ್ನು ಹುಟ್ಟಿಸಬಹುದು, ಉತ್ತರವನ್ನು ಮೊದಲೇ ನಿಶ್ಚಯಿಸಬಾರದು. ಕ್ರಿಸ್ಟೆನ್ಸನ್ ಅವರು ತಮ್ಮ ಸಮಾಜಕ್ಕೆ ಅಪ್ರಿಯವಾದುದನ್ನೂ ಬರೆದಿಟ್ಟರು. ಮಕ್ಕಳ ನಡತೆಯನ್ನು ತಿದ್ದುವ ಹೊಣೆ ಹೊತ್ತ ಶಿಕ್ಷಕರಿಗೂ ಪೋಷಕರಿಗೂ ಇದರಿಂದ ಒಂದು ಪಾಠವುಂಟು: ನಿಯಮವನ್ನು ವಿಧಿಸುವವರು, ಎಡವಿದವರನ್ನು ಎತ್ತುವ ಬಗೆಯನ್ನೂ ಯೋಚಿಸಿರಬೇಕು.